ತರಕಾರಿ ಅಂಗಡಿಯ ಕೊಕ್ಕೆ

ಇಂಗ್ಲೆಂಡಿನ ಹಣ್ಣು-ತರಕಾರಿ ವ್ಯಾಪಾರಿಗಳು ಬೆಲೆಪಟ್ಟಿಯ ಮೇಲೆ 'ಬನಾನಾಸ್' ಎಂದು ಬರೆಯುವಾಗ ಕೊನೆಯ ಎಸ್ ಅಕ್ಷರಕ್ಕೆ ಮುಂಚೆ, ನೆತ್ತಿಯ ಮಟ್ಟದಲ್ಲಿ, ಪುಟ್ಟದೊಂದು ಕೊಕ್ಕೆ ಹಾಕುವುದುಂಟು. ಈ ಕೊಕ್ಕೆಯ ಹೆಸರು ಅಪಾಸ್ಟ್ರಫಿ. ಬರಿಯ ಬಹುವಚನಕ್ಕೆ ಅದು ಬೇಕಿಲ್ಲ, ಹಾಕಿದರೆ ತಪ್ಪು. ಓದಿದ ಜನ ಈ ತಪ್ಪಿಗೆ 'ತರಕಾರಿ ಅಂಗಡಿಯವನ ಅಪಾಸ್ಟ್ರಫಿ' ಎಂದೇ ಹೆಸರಿಟ್ಟು ನಗುತ್ತ ಬಂದಿದ್ದಾರೆ. ನಮ್ಮ ಊರುಗಳ ಇಂಗ್ಲಿಷ್ ಬೋರ್ಡುಗಳಲ್ಲೂ 'ಟೈಲರ್ಸ್' ಪದದ ನಡುವೆ ಅದು ನೇತಾಡುವುದನ್ನು ಓದುಗರು ಕಂಡಿರಬಹುದು. ಆದರೆ ಆ ಕೊಕ್ಕೆಯ ಪೂರ್ವಾಪರ ತಿಳಿದರೆ ನಗುವುದು ಅಷ್ಟು ಸುಲಭವಲ್ಲ.

ಅದು ಇಂಗ್ಲಿಷಿನ ಸ್ವಂತ ಸೊತ್ತೇನೂ ಅಲ್ಲ. 16ನೇ ಶತಮಾನದಲ್ಲಿ ಫ್ರೆಂಚ್ ಮುದ್ರಣದ ಅನುಕರಣೆಯಿಂದ ಬಂತು. ಲೋಪವಾದ ಅಕ್ಷರದ ಜಾಗವನ್ನು ತೋರಿಸುವುದಷ್ಟೇ ಅದರ ಕೆಲಸ. ಸಂಸ್ಕೃತದ ಅವಗ್ರಹ ಚಿಹ್ನೆ ಬಲ್ಲವರಿಗೆ ಇದು ಅಪರಿಚಿತವಲ್ಲ. ಇನ್ನು ಒಡೆತನ ಸೂಚಿಸುವ ಕೊಕ್ಕೆಯ ಮಾತು. ನಾವು 'ಅರಸನ', 'ರಾಮನ' ಎನ್ನುವಾಗ ಷಷ್ಠೀ ವಿಭಕ್ತಿಯ ಪ್ರತ್ಯಯ ಹಚ್ಚುತ್ತೇವಲ್ಲ, ಹಾಗೆಯೇ ಹಳೆಯ ಇಂಗ್ಲಿಷಿನಲ್ಲೂ ಅನೇಕ ನಾಮಪದಗಳಿಗೆ 'ಎಸ್' ಜೊತೆಗೆ ಒಂದು ಸ್ವರವೂ ಸೇರಿದ ಪ್ರತ್ಯಯವಿತ್ತು. ಆಡುಮಾತಿನಲ್ಲಿ ಸ್ವರ ಸವೆದುಹೋಯಿತು. ಅದರ ಜಾಗದಲ್ಲಿ ಕೊಕ್ಕೆ ಹಾಕುವ ಪದ್ಧತಿ 17ನೇ ಶತಮಾನದಲ್ಲಿ ಹರಡಿ, ಮುಂದಿನ ಶತಮಾನದಲ್ಲಿ ನೆಲೆಯೂರಿತು.

ಸ್ವಾರಸ್ಯವಿರುವುದು ಇಲ್ಲಿ. ಅದೇ ಕಾಲದಲ್ಲಿ, ಪರಭಾಷೆಯಿಂದ ಬಂದು ಸ್ವರದಲ್ಲಿ ಮುಗಿಯುವ ಪದಗಳ ಬಹುವಚನಕ್ಕೂ ವಿದ್ಯಾವಂತರು ಕೊಕ್ಕೆ ಹಾಕುತ್ತಿದ್ದರು. 'ಒಪೆರಾ', 'ಫೋಲಿಯೊ' ಮುಂತಾದವು ಬಹುವಚನದಲ್ಲಿ ಹೀಗೆ ಅಚ್ಚಾಗುತ್ತಿದ್ದವು, ಯಾರೂ ನಗಲಿಲ್ಲ. ಬನಾನಾ, ಪೊಟ್ಯಾಟೊ, ಟೊಮ್ಯಾಟೊ ಎಲ್ಲವೂ ಅಂಥ ಪದಗಳೇ ತಾನೆ? ಪಂಡಿತರು ಕೈಬಿಟ್ಟ ಬರಹ ವ್ಯಾಪಾರಿಯ ಸೀಮೆಸುಣ್ಣದಲ್ಲಿ ಕಂಡಾಗ ಅಜ್ಞಾನವೆನಿಸಿತು!

2001ರಲ್ಲಿ ಲಿಂಕನ್‌ಷೈರಿನ ಬೋಸ್ಟನ್ ಎಂಬ ಊರಿನಲ್ಲಿ ನಿವೃತ್ತ ಪತ್ರಕರ್ತ ಜಾನ್ ರಿಚರ್ಡ್ಸ್ 'ಅಪಾಸ್ಟ್ರಫಿ ಸಂರಕ್ಷಣಾ ಸಂಘ' ಕಟ್ಟಿದರು. ತಪ್ಪು ಬರೆದ ಅಂಗಡಿಗಳಿಗೆ ವಿನಯದಿಂದಲೇ ಪತ್ರ ಬರೆಯುವುದು ಸಂಘದ ಕೆಲಸ. ಅದೇ ವರ್ಷ ಅವರಿಗೆ ಸಾಹಿತ್ಯದ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿಯೂ ಬಂತು. 2019ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಅಜ್ಞಾನ ಮತ್ತು ಸೋಮಾರಿತನವೇ ಗೆದ್ದಿತೆಂದು ಬೇಸರಪಟ್ಟು ಸಂಘವನ್ನು ಮುಚ್ಚಿದರು, 2021ರಲ್ಲಿ ತೀರಿಕೊಂಡರು. 2022ರಲ್ಲಿ ಬೇರೆಯವರು ಅದಕ್ಕೆ ಮತ್ತೆ ಜೀವ ಕೊಟ್ಟರು.

ಗೆದ್ದದ್ದು ಬರಿಯ ಸೋಮಾರಿತನವೇ? ಹಾಗೆನ್ನಲಾಗದು. 1982ರಲ್ಲಿ ಟಿಮ್ ವಾಟರ್‌ಸ್ಟೋನ್ ಸ್ಥಾಪಿಸಿದ ಪುಸ್ತಕ ಮಳಿಗೆಗಳ ಹೆಸರಿನಲ್ಲಿದ್ದ ಕೊಕ್ಕೆಯನ್ನು ಸಂಸ್ಥೆಯೇ 2012ರಲ್ಲಿ ತೆಗೆದುಹಾಕಿತು. ಅಂತರಜಾಲದ ಕಾಲಕ್ಕೆ ಇದೇ ಅನುಕೂಲ ಎಂಬುದು ಅದು ಕೊಟ್ಟ ಕಾರಣ. ಪುಸ್ತಕ ಮಾರುವವರೇ ಹೀಗೆ ಮಾಡಿದರಲ್ಲ ಎಂದು ಅನೇಕರು ನೊಂದುಕೊಂಡರು. ಚಾರ್ಲ್ಸ್ ಹೆನ್ರಿ ಹ್ಯಾರಡ್ ಕಟ್ಟಿದ ಲಂಡನ್ನಿನ ಹ್ಯಾರಡ್ಸ್ ಮಳಿಗೆಗೂ, ಬಾರ್ಕ್ಲೇಸ್ ಬ್ಯಾಂಕಿಗೂ ಕೊಕ್ಕೆಯಿಲ್ಲ. ಕೆನಡಾದ ಕಾಫಿ ಮಳಿಗೆ ಟಿಮ್ ಹಾರ್ಟನ್ಸ್ ಕತೆಯೇ ಬೇರೆ: ಕ್ವಿಬೆಕ್ ಪ್ರಾಂತ್ಯದ ಫ್ರೆಂಚ್ ಭಾಷಾ ಕಾನೂನಿಗೆ ತಲೆಬಾಗಿ ಇಂಗ್ಲಿಷ್ ಷಷ್ಠಿಯ ಗುರುತನ್ನು ಅದು ಬಿಟ್ಟುಕೊಟ್ಟಿತು. ದೊಡ್ಡವರು ಬಿಟ್ಟರೆ ಅದು ವ್ಯಾಪಾರದ ಹೆಸರು. ಬಾಳೆಹಣ್ಣು ಮಾರುವವನು ಹೆಚ್ಚಿಗೆ ಹಾಕಿದರೆ ಮಾತ್ರ ವ್ಯಾಕರಣದ ಪ್ರಶ್ನೆ.

ಬ್ರಿಸ್ಟಲ್ ನಗರದಲ್ಲಿ ಒಬ್ಬನಿಗೆ ಪತ್ರ ಬರೆಯುವಷ್ಟು ತಾಳ್ಮೆಯಿರಲಿಲ್ಲ. 2003ರಿಂದ ಗುಟ್ಟಾಗಿ ಅಂಗಡಿಗಳ ಬೋರ್ಡು ತಿದ್ದುತ್ತಿದ್ದ ಈ ಅನಾಮಿಕನ ಸುದ್ದಿ 2017ರಲ್ಲಿ ಬಿಬಿಸಿಯಲ್ಲಿ ಬಂತು. ಮೊದಲು ತಿದ್ದಿದ್ದು ಉಗುರು ಅಲಂಕಾರದ ಅಂಗಡಿಯೊಂದರ ಬೋರ್ಡನ್ನಂತೆ. ಎತ್ತರದ ಫಲಕಗಳನ್ನು ಮುಟ್ಟಲು ಉದ್ದ ಹಿಡಿಕೆಯ ಕೋಲೊಂದನ್ನು ತಾನೇ ಮಾಡಿಕೊಂಡು, ಅದಕ್ಕೆ 'ಅಪಾಸ್ಟ್ರಫೈಸರ್' ಎಂದು ಹೆಸರಿಟ್ಟಿದ್ದ. ಬೀದಿ ನಿದ್ದೆಹೋದ ಮೇಲೆ ಕೋಲು ಹೊತ್ತು ಹೊರಡುತ್ತಿದ್ದ.