ಹೃದಯ ಬಡಿತದ ಲಯದೋಷಗಳಲ್ಲಿ ಉರಿಯೂತದ ಪಾತ್ರ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೀದರ್ ಜಿಲ್ಲೆಯ ನಿರ್ಣಾ ಹಾಗೂ ಹುಮನಾಬಾದ್, ಬಸವಕಲ್ಯಾಣ ಭಾಗದ ನಾಗರಿಕರು ಹೃದ್ರೋಗದ ಚಿಕಿತ್ಸೆಗಾಗಿ ಸರ್ಕಾರದ ಯೋಜನೆಗಳ ನೆರವು ಕೋರಿ ಬರುವಾಗ, ರೋಗವು ಅದಾಗಲೇ ಹಲವು ವರ್ಷಗಳಷ್ಟು ಹಳೆಯದಾಗಿರುವುದುಂಟು. ಹೃದಯ ಬಡಿತದ ಲಯ ತಪ್ಪುವ ಕಾಯಿಲೆಗಳ ಪೈಕಿ ಕೆಲವಕ್ಕೆ ಮೂಲ ಕಾರಣ ಉರಿಯೂತ. ಅದರಲ್ಲಿಯೂ ಬಾಲ್ಯದಲ್ಲಿ ಬರುವ, ಕೀಲುವಾತ ಜ್ವರವೆಂದೂ ಕರೆಯಲ್ಪಡುವ ರುಮ್ಯಾಟಿಕ್ ಜ್ವರವು ಮುಖ್ಯವಾದುದು. ಇದನ್ನು ತಡೆಯಲು ಸಾಧ್ಯವಿರುವುದರಿಂದ ಈ ಪುಟದಲ್ಲಿ ಅದಕ್ಕೆ ಹೆಚ್ಚಿನ ಸ್ಥಳ ನೀಡಲಾಗಿದೆ.

ಲಯ ಮತ್ತು ಲಯದೋಷ

ಹೃದಯದ ಬಲ ಮೇಲ್ಕೋಣೆಯಲ್ಲಿರುವ ಸೈನಸ್ ಗಂಟು ಎಂಬ ಸಣ್ಣ ಅಂಗಾಂಶದಿಂದ ವಿದ್ಯುತ್ ಸಂಕೇತವು ಹೊರಟು, ಮೇಲ್ಕೋಣೆಗಳನ್ನು ದಾಟಿ ಕೆಳಕೋಣೆಗಳನ್ನು ತಲುಪುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಈ ಕ್ರಿಯೆಯು ನಿಮಿಷಕ್ಕೆ ಸಾಮಾನ್ಯವಾಗಿ 60 ರಿಂದ 100 ಬಾರಿ ನಡೆಯುತ್ತದೆ. ಹೃದಯದ ಸ್ನಾಯು ಅಥವಾ ಹೊರಪೊರೆಯಲ್ಲಿ ಉರಿಯೂತ ಉಂಟಾದಾಗ ಬಿಳಿ ರಕ್ತಕಣಗಳು ಅಲ್ಲಿ ಸೇರುತ್ತವೆ; ಅವು ಬಿಡುಗಡೆ ಮಾಡುವ ರಾಸಾಯನಿಕಗಳಿಂದ ಜೀವಕೋಶಗಳೊಳಗಿನ ಕ್ಯಾಲ್ಸಿಯಂನ ಓಡಾಟ ಅಸ್ತವ್ಯಸ್ತವಾಗುತ್ತದೆ. ಉರಿಯೂತವು ಬಹುಕಾಲ ಮುಂದುವರಿದಲ್ಲಿ ಸ್ನಾಯುವಿನ ನಡುವೆ ನಾರಿನಂತಹ ಕಲೆ ಬೆಳೆಯುತ್ತದೆ. ಕಲೆಗಟ್ಟಿದ ಭಾಗದಲ್ಲಿ ಸಂಕೇತವು ನೇರವಾಗಿ ಸಾಗದೆ ಸುತ್ತುತ್ತದೆ, ಒಡೆಯುತ್ತದೆ ಅಥವಾ ನಿಂತುಹೋಗುತ್ತದೆ. ಜ್ವರ ಇಳಿದು ನೋವು ಮಾಯವಾದ ನಂತರವೂ ಈ ಕಲೆ ಉಳಿಯುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ಗಂಟಲು ನೋವಿನಿಂದ ಹೃದಯದವರೆಗೆ

ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ನೋವು ಬಂದ ಮಕ್ಕಳ ಪೈಕಿ ಕೆಲವರಲ್ಲಿ, ಎರಡು ಮೂರು ವಾರಗಳ ತರುವಾಯ ರುಮ್ಯಾಟಿಕ್ ಜ್ವರ ಕಾಣಿಸಿಕೊಳ್ಳುತ್ತದೆ. 5 ರಿಂದ 15 ವರ್ಷದೊಳಗಿನವರಲ್ಲಿ ಇದು ಹೆಚ್ಚು. ರೋಗಾಣುವಿನ ಹೊರಭಾಗದ ಪ್ರೋಟೀನು ಹೃದಯದ ಕೆಲವು ಪ್ರೋಟೀನುಗಳನ್ನು ಹೋಲುವುದರಿಂದ, ರೋಗಾಣುವಿನ ವಿರುದ್ಧ ಸಿದ್ಧವಾದ ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಹೃದಯದ ಮೇಲೆ ತಿರುಗಿ ಬೀಳುತ್ತದೆ. ಮೊಣಕಾಲು, ಕಾಲಿನ ಗಿಣ್ಣು, ಮೊಣಕೈಗಳಲ್ಲಿ ಊತ ಹಾಗೂ ನೋವು ಒಂದು ಕೀಲಿನಿಂದ ಮತ್ತೊಂದಕ್ಕೆ ಸರಿಯುವುದು ಇದರ ಪ್ರಮುಖ ಲಕ್ಷಣ. ಕೆಲವು ಮಕ್ಕಳಲ್ಲಿ ಕೈಕಾಲುಗಳು ಹಿಡಿತವಿಲ್ಲದೆ ಅಲುಗಾಡುತ್ತವೆ. ಶಾಲೆಯಲ್ಲಿ ಇದನ್ನು ತುಂಟತನವೆಂದು ಭಾವಿಸಿ ಗದರಿಸುವ ಸಂಭವವಿರುತ್ತದೆ.

ಕೀಲುನೋವು ಕೆಲವೇ ವಾರಗಳಲ್ಲಿ ತಾನಾಗಿಯೇ ಶಮನವಾಗುವುದರಿಂದ ಪಾಲಕರು ಮಗು ಗುಣಮುಖವಾಯಿತೆಂದು ತಿಳಿಯುತ್ತಾರೆ. ಹೃದಯದ ವಿಷಯ ಹಾಗಲ್ಲ. ಈ ಹಂತದಲ್ಲಿಯೇ ಸಂಕೇತವು ಮೇಲ್ಕೋಣೆಯಿಂದ ಕೆಳಕೋಣೆಗೆ ತಡವಾಗಿ ಸಾಗುವುದು ಇಸಿಜಿಯಲ್ಲಿ ಕಂಡುಬರಬಹುದು; 1944 ರಲ್ಲಿ ರೂಪಿಸಿ 2015 ರಲ್ಲಿ ಪರಿಷ್ಕರಿಸಲಾದ ಜೋನ್ಸ್ ಮಾನದಂಡಗಳಲ್ಲಿ ಈ ಅಂಶವೂ ಸೇರಿದೆ. ಜ್ವರವು ಮತ್ತೆ ಮತ್ತೆ ಮರುಕಳಿಸಿದಲ್ಲಿ ಎಡಭಾಗದ ಮೈಟ್ರಲ್ ಕವಾಟವು ದಪ್ಪಗಾಗಿ ಕಿರಿದಾಗುತ್ತದೆ. ರಕ್ತ ಮುಂದೆ ಸಾಗದೆ ಎಡ ಮೇಲ್ಕೋಣೆ ಹಿಗ್ಗುತ್ತದೆ. ಹಿಗ್ಗಿದ, ಕಲೆಗಟ್ಟಿದ ಆ ಕೋಣೆಯು ಒಂದು ದಿನ ಲಯಬದ್ಧವಾಗಿ ಸಂಕುಚಿಸುವುದನ್ನು ಬಿಟ್ಟು ನಿಮಿಷಕ್ಕೆ 350 ರಿಂದ 600 ಸಂಕೇತಗಳ ವೇಗದಲ್ಲಿ ಬರಿದೆ ನಡುಗಲಾರಂಭಿಸುತ್ತದೆ. ಇದಕ್ಕೆ ಏಟ್ರಿಯಲ್ ಫಿಬ್ರಿಲೇಶನ್ ಎಂದು ಹೆಸರು. ನಾಡಿ ಹಿಡಿದು ನೋಡಿದಾಗ ಬಡಿತಗಳ ನಡುವಿನ ಅಂತರ ಒಂದರಂತೆ ಒಂದಿರುವುದಿಲ್ಲ.

ನಡುಗುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಹೆಪ್ಪು ಮಿದುಳಿಗೆ ಸಾಗಿದಲ್ಲಿ ಪಾರ್ಶ್ವವಾಯು ಉಂಟಾಗುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನವು 1978 ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ, ರುಮ್ಯಾಟಿಕ್ ಕವಾಟ ರೋಗವಿಲ್ಲದೆ ಈ ಲಯದೋಷ ಮಾತ್ರ ಇರುವವರಲ್ಲಿ ಪಾರ್ಶ್ವವಾಯುವಿನ ಸಂಭವ ಸುಮಾರು 5 ಪಟ್ಟು. ಕವಾಟ ರೋಗವೂ ಜೊತೆಗಿದ್ದಲ್ಲಿ ಸುಮಾರು 17 ಪಟ್ಟು. ಇತರ ಪಾರ್ಶ್ವವಾಯು ಪ್ರಕರಣಗಳಿಗೆ ಹೋಲಿಸಿದರೆ, ರುಮ್ಯಾಟಿಕ್ ಕವಾಟ ರೋಗ ಉಳ್ಳವರು ಬಹುಮಟ್ಟಿಗೆ ದುಡಿಯುವ ವಯಸ್ಸಿನವರು.

ಪೆನಿಸಿಲಿನ್ ಚುಚ್ಚುಮದ್ದು ಮತ್ತು ಅದರ ಲೆಕ್ಕ

ಒಮ್ಮೆ ಕವಾಟಕ್ಕೆ ಹಾನಿಯಾದ ಮೇಲೆ ಉರಿಯೂತ ಶಮನದ ಮಾತ್ರೆಗಳಿಂದ ಅದು ಸರಿಹೋಗುವುದಿಲ್ಲ. ಆಸ್ಪಿರಿನ್, ಸ್ಟೀರಾಯ್ಡುಗಳು ನೋವು ಮತ್ತು ಜ್ವರವನ್ನು ಇಳಿಸುತ್ತವೆಯಾದರೂ ದೀರ್ಘಕಾಲದ ಕವಾಟದ ಹಾನಿಯನ್ನು ತಡೆಯುತ್ತವೆಂಬುದು ಸಿದ್ಧಪಟ್ಟಿಲ್ಲ. ಆದುದರಿಂದ ಉಳಿದಿರುವ ದಾರಿ ಹೊಸ ಉರಿಯೂತ ಬಾರದಂತೆ ನೋಡಿಕೊಳ್ಳುವುದು. ಇದಕ್ಕಾಗಿ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದನ್ನು 3 ಅಥವಾ 4 ವಾರಗಳಿಗೊಮ್ಮೆ ನೀಡಲಾಗುತ್ತದೆ. ಈ ಔಷಧಿಯು ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ.

ಅವಧಿಯನ್ನು ವೈದ್ಯರು ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ಹೃದಯಕ್ಕೆ ತೊಂದರೆಯಾಗದಿದ್ದಲ್ಲಿ 5 ವರ್ಷ ಅಥವಾ 21 ನೇ ವಯಸ್ಸಿನವರೆಗೆ, ಕವಾಟದ ಹಾನಿ ಉಳಿದಿದ್ದಲ್ಲಿ 10 ವರ್ಷ ಅಥವಾ 40 ನೇ ವಯಸ್ಸಿನವರೆಗೆ, ಇವುಗಳಲ್ಲಿ ಯಾವುದು ದೀರ್ಘವೋ ಅದನ್ನು ಪಾಲಿಸಲಾಗುತ್ತದೆ. 3 ವಾರಗಳಿಗೊಮ್ಮೆ ಎಂದರೆ ವರ್ಷಕ್ಕೆ 17 ಚುಚ್ಚುಮದ್ದು. 10 ನೇ ವಯಸ್ಸಿನಲ್ಲಿ ಆರಂಭಿಸಿದ ಮಗುವಿಗೆ 21 ತುಂಬುವಷ್ಟರಲ್ಲಿ ಸುಮಾರು 190 ಆಗುತ್ತವೆ. ಇಷ್ಟು ದೀರ್ಘ ಲೆಕ್ಕದಲ್ಲಿ ಬಾಕಿ ಉಳಿಯುವುದು ಸಹಜವಾದರೂ, ಔಷಧಿಯ ಪ್ರಮಾಣವು ರಕ್ತದಲ್ಲಿ ಇಳಿಯುವ ಆ ದಿನಗಳಲ್ಲಿಯೇ ಜ್ವರ ಮರಳುವ ಅವಕಾಶವಿರುತ್ತದೆ. ತಪ್ಪಿದ ಚುಚ್ಚುಮದ್ದನ್ನು ಮುಂದಿನ ಸರದಿಯವರೆಗೆ ಕಾಯದೆ ಕೂಡಲೇ ಪಡೆಯತಕ್ಕದ್ದು.

ಈ ಭಾಗದ ಕುಟುಂಬಗಳು ಕೂಲಿ ಅರಸಿ ಹೈದರಾಬಾದ್, ಪುಣೆ, ಮುಂಬಯಿಗಳಿಗೆ ತೆರಳುವುದು ವಾಡಿಕೆ. ಸರದಿ ತಪ್ಪುವುದು ಇಂತಹ ಸಂದರ್ಭದಲ್ಲಿಯೇ. ಊರು ಬಿಡುವ ಮುನ್ನ ರೋಗದ ಹೆಸರು, ಔಷಧಿ, ಪ್ರಮಾಣ ಮತ್ತು ಕೊನೆಯ ಚುಚ್ಚುಮದ್ದಿನ ದಿನಾಂಕವನ್ನು ವೈದ್ಯಾಧಿಕಾರಿಗಳಿಂದ ಚೀಟಿಯಲ್ಲಿ ಬರೆಯಿಸಿಕೊಂಡಲ್ಲಿ, ಹೊರರಾಜ್ಯದ ಸರ್ಕಾರಿ ಆಸ್ಪತ್ರೆಯಲ್ಲಿಯೂ ಚಿಕಿತ್ಸೆ ಮುಂದುವರಿಸಲು ಅನುಕೂಲ. ಅಲರ್ಜಿಯ ಭಯದಿಂದ ಚುಚ್ಚುಮದ್ದನ್ನು ತಾವಾಗಿಯೇ ನಿಲ್ಲಿಸಬಾರದು. ತೀವ್ರ ಅಲರ್ಜಿ ವಿರಳ. ಕವಾಟದ ರೋಗ ತೀವ್ರವಾಗಿರುವವರಿಗೆ ಮಾತ್ರೆ ಸೂಕ್ತವೇ ಎಂಬುದನ್ನು ತಜ್ಞರು ಪರಿಶೀಲಿಸುತ್ತಾರೆ.

ಇದಕ್ಕೆ ವ್ಯತಿರಿಕ್ತವಾದ ತಪ್ಪೂ ಉಂಟು. ಎಎಸ್‌ಒ ಎಂಬ ರಕ್ತಪರೀಕ್ಷೆಯ ಅಂಕಿ ಹೆಚ್ಚಿದ ಮಾತ್ರಕ್ಕೆ ರುಮ್ಯಾಟಿಕ್ ಜ್ವರವಿದೆ ಎಂದಲ್ಲ. ಇತ್ತೀಚೆಗೆ ಸ್ಟ್ರೆಪ್ಟೊಕಾಕಸ್ ಸೋಂಕು ತಗುಲಿತ್ತೆಂಬುದನ್ನಷ್ಟೇ ಅದು ತಿಳಿಸುತ್ತದೆ.

ಲಯದೋಷ ಬಂದ ಮೇಲೆ

ಬಡಿತದ ವೇಗ ನಿಯಂತ್ರಿಸುವ ಮಾತ್ರೆಗಳೊಂದಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರೋಮ್ ಗುಂಪಿನ ಔಷಧಿಯನ್ನು ನೀಡಲಾಗುತ್ತದೆ. ಇದರ ಪ್ರಮಾಣವನ್ನು ಐಎನ್‌ಆರ್ ರಕ್ತಪರೀಕ್ಷೆಯ ಮೂಲಕ, ಸಾಮಾನ್ಯವಾಗಿ 2 ರಿಂದ 3 ರ ನಡುವೆ ಇರುವಂತೆ ಹೊಂದಿಸಲಾಗುತ್ತದೆ. ಪರೀಕ್ಷೆಯ ತೊಂದರೆಯಿಲ್ಲದ ಹೊಸ ಔಷಧಿಗಳಿವೆಯಲ್ಲ ಎಂಬ ಪ್ರಶ್ನೆ ಸಹಜ. ಭಾರತವೂ ಸೇರಿದಂತೆ 24 ದೇಶಗಳಲ್ಲಿ ನಡೆದು 2022 ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರುಮ್ಯಾಟಿಕ್ ಹೃದ್ರೋಗ ಮತ್ತು ಈ ಲಯದೋಷ ಎರಡೂ ಇರುವವರಲ್ಲಿ ರಿವರಾಕ್ಸಬಾನ್ ಎಂಬ ಹೊಸ ಔಷಧಿಗಿಂತ ಹಳೆಯ ಗುಂಪಿನ ಔಷಧಿ ಪಡೆದವರಲ್ಲಿಯೇ ಸಾವು ಕಡಿಮೆಯಿತ್ತು. ಗರ್ಭಿಣಿಯರು ಹಾಗೂ ಗರ್ಭ ಧರಿಸಲಿಚ್ಛಿಸುವವರು ಈ ಮಾತ್ರೆಗಳ ವಿಷಯವನ್ನು ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು, ಶಿಶುವಿಗೆ ಅಪಾಯವಿರುತ್ತದೆ. ಗರ್ಭಾವಸ್ಥೆಯಲ್ಲಿ ಹೃದಯದ ಹೊರೆ ಹೆಚ್ಚುವುದರಿಂದ, ಅದುವರೆಗೆ ಅರಿವಿಗೆ ಬಾರದಿದ್ದ ಕವಾಟದ ಕಾಯಿಲೆ ಆಗಲೇ ಬಯಲಾಗುವುದೂ ಉಂಟು. ಆಯಾಸ, ಏದುಸಿರುಗಳನ್ನು ಬಸಿರಿನ ಸಹಜ ಲಕ್ಷಣವೆಂದು ಬಿಡಬಾರದು.

ಕಿರಿದಾದ ಕವಾಟವನ್ನು ಬಲೂನ್ ಮೂಲಕ ಹಿಗ್ಗಿಸುವ ಚಿಕಿತ್ಸೆಯು ಅರ್ಹ ರೋಗಿಗಳಿಗೆ ಲಭ್ಯ. ಉಳಿದವರಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಇತರ ಉರಿಯೂತಗಳು

ವೈರಾಣು ಜ್ವರಗಳ ಬಳಿಕ ಹೃದಯಸ್ನಾಯುವಿನ ಉರಿಯೂತ ಉಂಟಾಗಿ ಬಡಿತ ಅತಿ ವೇಗ ಅಥವಾ ಅತಿ ನಿಧಾನವಾಗಬಹುದು. ಗಂಟಲಮಾರಿಯ ವಿಷದಿಂದ ಸಂಕೇತದ ಹಾದಿಯೇ ಮುಚ್ಚಿಹೋಗುವುದುಂಟು. ಆದ್ದರಿಂದ ಮಕ್ಕಳಿಗೆ 10 ಮತ್ತು 16 ನೇ ವಯಸ್ಸಿನ ಟಿಡಿ ಲಸಿಕೆಯನ್ನು ತಪ್ಪಿಸಬಾರದು. ಹೃದಯ ಶಸ್ತ್ರಚಿಕಿತ್ಸೆಯಾದ ಎರಡು ಮೂರು ದಿನಗಳಲ್ಲಿ ಕಾಣಿಸುವ ಲಯದೋಷದಲ್ಲಿಯೂ ಉರಿಯೂತದ ಪಾತ್ರವಿದೆ. ಅದು ಹೆಚ್ಚಿನವರಲ್ಲಿ ಆಸ್ಪತ್ರೆಯಲ್ಲಿಯೇ ಸರಿಹೋಗುತ್ತದೆ.

ಸೇವೆ ಪಡೆಯುವ ವಿಧಾನ

ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳನ್ನು 2013 ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ಮಾಡಲಾಗುತ್ತದೆ. ರುಮ್ಯಾಟಿಕ್ ಹೃದ್ರೋಗವು ಅದರ ಪಟ್ಟಿಯಲ್ಲಿದೆ. ವಯಸ್ಕರು ಮೊದಲು ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು, ನಂತರ ಹುಮನಾಬಾದ್ ಅಥವಾ ಬಸವಕಲ್ಯಾಣದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಹೆಚ್ಚಿನ ತಪಾಸಣೆಗೆ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಹೃದ್ರೋಗದ ವಿಶೇಷ ಚಿಕಿತ್ಸೆಗೆ ಹಿಂದೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕಿತ್ತು. ಕಲಬುರಗಿಯಲ್ಲಿ 2016 ರಿಂದ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಕಾರ್ಯನಿರ್ವಹಿಸುತ್ತಿದ್ದು, ಅದರ 371 ಹಾಸಿಗೆಗಳ ಹೊಸ ಕಟ್ಟಡವು 2024 ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿತು.

2018 ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡ 30 ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ನೆರವು ದೊರೆಯುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯನ್ನು ತರತಕ್ಕದ್ದು. ಎರಡರಲ್ಲಿಯೂ ರೋಗಿಯ ಹೆಸರು ಒಂದೇ ರೀತಿ ಇದೆಯೇ ಎಂದು ಮುಂಚಿತವಾಗಿ ನೋಡಿಕೊಂಡಲ್ಲಿ ವೃಥಾ ಅಲೆದಾಟ ತಪ್ಪುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ತುರ್ತು ಪ್ರಕರಣಗಳಿಗೆ ವಿನಾಯಿತಿ ಇದೆ. ಹಳೆಯ ಇಸಿಜಿ, ಎಕೋ ವರದಿಗಳನ್ನು ಮತ್ತು ಚುಚ್ಚುಮದ್ದಿನ ಚೀಟಿಯನ್ನು ಎಸೆಯದೆ ಜೊತೆಗೆ ತರುವುದು.

ಹಠಾತ್ತನೆ ಮುಖ ಓರೆಯಾಗುವುದು, ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು ಅಥವಾ ಉಸಿರಾಟದ ತೊಂದರೆಯೊಂದಿಗೆ ಎದೆ ಬಡಿದುಕೊಳ್ಳುವುದು ಕಂಡುಬಂದಲ್ಲಿ ಯಾವುದೇ ದಾಖಲೆಗಾಗಿ ಕಾಯದೆ 108 ಸಂಖ್ಯೆಗೆ ಕರೆ ಮಾಡುವುದು.