ತುಂಡಾದ ತಂತಿಗಳ ಸಾಕ್ಷ್ಯ

ದಾನಶಾಸನವನ್ನು ಕೆತ್ತಿಸಿದವನ ಉದ್ದೇಶವು ಭೂಮಿಯ ಹಕ್ಕನ್ನು ನಿಲ್ಲಿಸುವುದು. ನಾವು ಅದರಲ್ಲಿ ಹುಡುಕುವುದು ಕಾಲವನ್ನು, ಭಾಷೆಯನ್ನು, ಊರುಗಳ ಹೆಸರನ್ನು. ಹೀಗೆ ಬೇರೊಂದು ಕಾರ್ಯಕ್ಕಾಗಿ ಬರೆದಿಟ್ಟುದು ಚರಿತ್ರೆಗೆ ಆಧಾರವಾಗುವುದು ಭೂವಿಜ್ಞಾನದಲ್ಲಿಯೂ ಉಂಟು. ಅಟ್ಲಾಂಟಿಕ್ ಸಾಗರದ ತಳದಲ್ಲಿ ನಡೆದ ಭೂಕುಸಿತವೊಂದರ ವೃತ್ತಾಂತವು ಬಹುಕಾಲ ತಂತಿ ಕಂಪೆನಿಗಳ ದಾಖಲೆಗಳಲ್ಲಿ ಅಡಗಿದ್ದಿತು.

1929ನೆಯ ಇಸವಿ ನವೆಂಬರ್ 18ರ ಸಂಜೆ ನ್ಯೂಫೌಂಡ್‌ಲೆಂಡ್ ದ್ವೀಪದ ದಕ್ಷಿಣಕ್ಕೆ, ಮೀನುಗಾರಿಕೆಗೆ ಹೆಸರಾದ ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಕಡಲ ತಿಟ್ಟಿನ ಅಂಚಿನಲ್ಲಿ, 7.2 ಪ್ರಮಾಣದ ಭೂಕಂಪವಾಯಿತು. ಸುಮಾರು ಎರಡೂವರೆ ಗಂಟೆಗಳ ತರುವಾಯ ಭಾರಿ ಅಲೆಗಳು ಬ್ಯೂರಿನ್ ಪರ್ಯಾಯದ್ವೀಪದ ಬೆಸ್ತರ ಊರುಗಳ ಮೇಲೆ ಎರಗಿದುವು. ಒಟ್ಟು 28 ಜನ ಮಡಿದರು. ಅಲ್ಲಿಯ ನೆಲದ ತಂತಿಯು ಬಿರುಗಾಳಿಯಿಂದ ಮೊದಲೇ ಕೆಟ್ಟಿದ್ದುದರಿಂದ ಸುದ್ದಿಯು ಹೊರಗೆ ಮುಟ್ಟಲು ಸುಮಾರು ಮೂರು ದಿನ ಹಿಡಿಯಿತು. ಜನರ ಸಾವು ಯಾರಿಗೂ ತಿಳಿಯದಿದ್ದಾಗ, ಸಾಗರತಳದ 12 ತಂತಿಗಳು ತುಂಡಾದುದು ಮಾತ್ರ ನಿಮಿಷದ ಲೆಕ್ಕದಲ್ಲಿ ದಾಖಲಾಗಿದ್ದಿತು! ಸಂಕೇತವು ನಿಂತ ಗಳಿಗೆಯಿಂದ ಕಾಲವೂ, ದಡದಿಂದ ತಂತಿಯ ವಿದ್ಯುತ್ ರೋಧವನ್ನು ಅಳೆಯುವುದರಿಂದ ಸ್ಥಳವೂ ತಿಳಿಯುತ್ತಿದ್ದುವು.

ಕಂಪನವು ಕಡಲತಳವನ್ನು ಸೀಳಿ ತಂತಿಗಳನ್ನು ಕಡಿಯಿತೆಂದು ಆಗ ಹಲವರು ತಿಳಿದರು. ಹತ್ತಿರದ ತಂತಿಗಳು ಒಡನೆಯೇ ಹೋದುದರಿಂದ ಅದಕ್ಕೆ ಬಾಧಕವೂ ಕಾಣಲಿಲ್ಲ. ಆದರೆ ದಕ್ಷಿಣದ ಆಳದಲ್ಲಿದ್ದುವು ಒಂದಾದ ಮೇಲೊಂದು, ಇಳಿಜಾರಿನ ಕ್ರಮದಲ್ಲಿಯೇ, ತುಂಡಾಗುತ್ತ ಹೋದುವು. ಕಡೆಯದು ಹೋದುದು 13 ಗಂಟೆ 17 ನಿಮಿಷಗಳ ಮೇಲೆ. ಕೆಲವು ಗಳಿಗೆಯ ಕಂಪನವು ಅಷ್ಟು ಹೊತ್ತಿನ ಬಳಿಕ ತಂತಿಯನ್ನು ಹೇಗೆ ಕಡಿದೀತು? ಆಧಾರವು ಎರಡು ದಶಕ ಕಣ್ಣೆದುರಿಗೇ ಇದ್ದಿತು; ಅದನ್ನು ಓದುವ ಲಿಪಿಯೇ ಸಿದ್ಧವಾಗಿರಲಿಲ್ಲ.

ಆ ಲಿಪಿಯನ್ನು ಒದಗಿಸಿದವರಲ್ಲಿ ಮುಖ್ಯರು ಇಬ್ಬರು. ಕೆಸರಿನಿಂದ ಭಾರವಾದ ನೀರು ತಳವನ್ನು ಹಿಡಿದು ಹರಿದು ಸಮುದ್ರದ ಕಣಿವೆಗಳನ್ನು ಕೊರೆಯಬಲ್ಲುದೆಂದು ಡೇಲಿ ಎಂಬವರು 1936ರಲ್ಲಿ ಸೂಚಿಸಿದರು. ಹಾಲೆಂಡಿನ ಕ್ಯೂನೆನ್ ಎಂಬವರು ನೀರಿನ ತೊಟ್ಟಿಯಲ್ಲಿ ಅಂಥ ಪ್ರವಾಹವನ್ನು ಹರಿಯಿಸಿ ತೋರಿಸಿದರು. ಇದನ್ನು ಹಿಡಿದು 1952ರಲ್ಲಿ ಹೀಜನ್, ಯೂಯಿಂಗ್ ಎಂಬ ಅಮೆರಿಕದ ವಿದ್ವಾಂಸರು ತಂತಿಗಳ ಕಾಲಕ್ರಮವನ್ನು ಹೀಗೆ ಬಿಡಿಸಿದರು: ಇಳಿಜಾರಿನಲ್ಲಿ ಬಹುಕಾಲದಿಂದ ಕೂಡಿದ್ದ ಸಡಿಲವಾದ ಹೂಳು ಕಂಪನದಿಂದ ಜಾರಿತು, ಜಾರುತ್ತ ನೀರನ್ನು ಬೆರೆಸಿಕೊಂಡು ಕದಡಿದ ಹೊಳೆಯಾಯಿತು, ಆ ಹೊಳೆಯು ಇಳಿದಂತೆಲ್ಲ ಎದುರಾದ ತಂತಿಗಳನ್ನು ಹರಿಯಿತು. ವೇಗವು ಗಂಟೆಗೆ ಸುಮಾರು 100 ಕಿಲೋಮೀಟರ್ ಇದ್ದಿತೆಂದು ಅವರು ಎಣಿಸಿದರು. ಇದು ಹೆಚ್ಚಾಯಿತೆಂದೇ ಹೇಳಬೇಕು. ಹೊಳೆಯು ಹೊರಟ ಸ್ಥಳವೂ ಗಳಿಗೆಯೂ ಊಹೆಯವೇ ಆಗಿದ್ದುವು. ಮುಂದಿನವರು ಅದನ್ನು 70 ಕಿಲೋಮೀಟರಿನ ಸಮೀಪಕ್ಕೆ ಇಳಿಸಿದರು.

ಊಹೆಯು ನಿಜವಾದರೆ ಕಡಲತಳದಲ್ಲಿ ಅದರ ಗುರುತೂ ಇರಬೇಕಷ್ಟೆ. ಹೊಳೆಯ ವೇಗವು ಕುಗ್ಗಿದಾಗ ದಪ್ಪ ಕಣಗಳು ಮೊದಲು ಇಳಿಯುತ್ತವೆ, ನುಣ್ಣನೆಯವು ಕಡೆಗೆ. ಆದುದರಿಂದ ಪದರವು ಕೆಳಗೆ ಒರಟಾಗಿಯೂ ಮೇಲೆ ನಯವಾಗಿಯೂ ಇರಬೇಕು. ಆಳದ ಬಯಲಿನಲ್ಲಿ ಕೊಳವೆಯಿಳಿಸಿ ತೆಗೆದ ಮಣ್ಣಿನಲ್ಲಿ ಇಂಥ ಪದರವೇ ಎಲ್ಲಕ್ಕೂ ಮೇಲೆ ದೊರೆತುದನ್ನು ಹೀಜನ್ ಮೊದಲಾದವರು 1954ರಲ್ಲಿ ಪ್ರಕಟಿಸಿದರು. ಅಲ್ಲಿ ಬಿದ್ದಿರುವ ಹೂಳು ಸುಮಾರು 200 ಘನ ಕಿಲೋಮೀಟರಿನಷ್ಟೆಂದು ಮುಂದೆ ಅಂದಾಜಾಯಿತು.

ಬ್ಯೂರಿನ್ ತೀರವನ್ನು ಹೊಡೆದ ಅಲೆಗೂ ಈ ಕುಸಿತವೇ ಮುಖ್ಯ ಕಾರಣವೆಂದು ಈಗ ತಿಳಿದಿದೆ. ಆ ಅಲೆಯು ಹೊತ್ತುತಂದ ಮರಳು ಅಲ್ಲಿಯ ಜೌಗುನೆಲದ ಕಪ್ಪು ಮಣ್ಣಿನ ನಡುವೆ ಒಂದು ತೆಳುವಾದ ಪದರವಾಗಿ ಉಳಿದಿದೆ.