ಹಂದಿಮಾಂಸ, ಹುಳಿ, ಮೆಣಸಿನಕಾಯಿ: ಒಂದು ಅಡುಗೆಯ ಸಮುದ್ರಯಾನ



ನಾವು ನೆಲೆಸಿರುವ ಟೊರಾಂಟೊ ನಗರಕ್ಕೆ ‘ಹಾಗ್‌ಟೌನ್’, ಅಂದರೆ ಹಂದಿಗಳ ಪಟ್ಟಣ ಎಂಬ ಅಡ್ಡಹೆಸರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಡೇವಿಸ್ ಕಂಪನಿಯು ಇಲ್ಲಿಂದ ಬ್ರಿಟನ್ನಿಗೆ ಹಂದಿಮಾಂಸ ರವಾನಿಸುತ್ತಿದ್ದುದೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹಂದಿಮಾಂಸವನ್ನು ಫ್ರೆಂಚರ ಕ್ರಮದಂತೆ ದ್ರಾಕ್ಷಾರಸದಲ್ಲಿ ಮಂದ ಉರಿಯ ಮೇಲೆ ಬೇಯಿಸಿ, ಬ್ರೆಜಿಲ್ಲಿನ ನಿಂಬೆ ಮೆಣಸಿನಕಾಯಿಗಳ ರುಚಿ ಕೂಡಿಸಿದರೆ ಅದು ಇಂದಿನವರಿಗೆ ನವೀನ ಪ್ರಯೋಗವೆನಿಸುತ್ತದೆ. ಆದರೆ ಯುರೋಪು ಮತ್ತು ಬ್ರೆಜಿಲ್ ಒಂದೇ ಪಾತ್ರೆಯಲ್ಲಿ ಸೇರುವುದು ನಮ್ಮ ಕರಾವಳಿಗೆ ಶತಮಾನಗಳಷ್ಟು ಹಳೆಯ ಸಂಗತಿ.

ಪೋರ್ಚುಗೀಸ್ ನಾವಿಕ ಕಬ್ರಾಲ್ 1500ರ ಏಪ್ರಿಲ್‌ನಲ್ಲಿ ಬ್ರೆಜಿಲ್ ತೀರವನ್ನು ಮುಟ್ಟಿ, ಅದೇ ಯಾನದಲ್ಲಿ ಸೆಪ್ಟೆಂಬರ್‌ನಲ್ಲಿ ಕಲ್ಲಿಕೋಟೆಗೆ ಬಂದನು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಅಮೆರಿಕ ಖಂಡದ ಮೆಣಸಿನಕಾಯಿ, ಬ್ರೆಜಿಲ್ಲಿನ ಗೋಡಂಬಿ ನಮ್ಮಲ್ಲಿಗೆ ಬಂದದ್ದು ಇವರ ಹಡಗುಗಳಲ್ಲಿ. ಕೊಂಕಣಿಯ ‘ಕಾಜು’ ಎಂಬ ಮಾತು ಬ್ರೆಜಿಲ್ಲಿನ ಟುಪಿ ಜನರ ನುಡಿಯಿಂದ ಹೊರಟು ಪೋರ್ಚುಗೀಸಿನ ಮೂಲಕ ಬಂದುದು. ಪರಂಗಿ ಹಣ್ಣೂ ಅಮೆರಿಕದ್ದೇ. ಆ ‘ಪರಂಗಿ’ ಎಂಬ ಹೆಸರಿನ ಬೇರು ಮಾತ್ರ ಫ್ರಾನ್ಸಿಗೆ ಹೆಸರು ಕೊಟ್ಟ ಫ್ರಾಂಕರಲ್ಲಿದೆ.

ಪೋರ್ಚುಗೀಸರು ಮಾಂಸವನ್ನು ದ್ರಾಕ್ಷಾರಸ ಅಥವಾ ವಿನೆಗರ್ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಸುತ್ತಿದ್ದರು. ಆಮ್ಲದಲ್ಲಿ ಸೂಕ್ಷ್ಮಾಣುಗಳ ಬೆಳವಣಿಗೆ ಕುಂಠಿತವಾಗುತ್ತದೆಯೆಂಬುದು ವೈದ್ಯಶಾಸ್ತ್ರ ವಿವರಿಸುವ ಮುನ್ನವೇ ಅಡುಗೆಯವರಿಗೆ ತಿಳಿದಿತ್ತು. ಗೋವೆಯಲ್ಲಿ ದ್ರಾಕ್ಷಾರಸದ ಸ್ಥಾನವನ್ನು ಹೆಂಡದ ಹುಳಿ ಪಡೆಯಿತು; ಮಸಾಲೆಯೂ ಮೆಣಸಿನಕಾಯಿಯೂ ಸೇರಿ ‘ವಿಂದಾಲೂ’ ಹುಟ್ಟಿತು. ಗೋವೆಯಿಂದ ದಕ್ಷಿಣಕ್ಕೆ ವಲಸೆ ಬಂದ ಕ್ಯಾಥೊಲಿಕ್ ಕುಟುಂಬಗಳ ಮನೆಗಳಲ್ಲಿ ಇಂದಿಗೂ ಹಬ್ಬಕ್ಕೆ ಸೊರ್ಪೊತೆಲ್ ಆಗುತ್ತದೆ. ಇದೇ ಖಾದ್ಯ ‘ಸರಪತೆಲ್’ ಎಂಬ ಹೆಸರಿನಿಂದ ಬ್ರೆಜಿಲ್ಲಿನ ಈಶಾನ್ಯ ಪ್ರಾಂತಗಳಲ್ಲಿಯೂ ಬಳಕೆಯಲ್ಲಿದೆ. ಮಂಗಳೂರು ಮತ್ತು ಬ್ರೆಜಿಲ್ ಈ ಒಂದು ಪಾತ್ರೆಯ ಮಟ್ಟಿಗೆ ದಾಯಾದಿಗಳು.

ಹಾಗೆಂದು ಹಂದಿಮಾಂಸದ ಅಡುಗೆಯನ್ನು ನಮಗೆ ಪರದೇಶದವರು ಕಲಿಸಿದರೆಂದು ಭಾವಿಸಬೇಕಾಗಿಲ್ಲ. 1127ರಿಂದ 1138ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ, ಹಂದಿಯ ರೋಮ ತೆಗೆಯುವ ಬಗೆಯನ್ನೂ ಮಾಂಸವನ್ನು ಬೆಂಕಿಯಲ್ಲಿ ಸುಡುವ ವಿಧಾನವನ್ನೂ ನಿರೂಪಿಸಿದ್ದಾನೆ. ಕೊಡಗಿನ ಪಂದಿ ಕರಿಯ ಜೀವಾಳವಾದ ಕರಿಮೆಣಸು ಮತ್ತು ಕಾಚಂಪುಳಿ ಪಶ್ಚಿಮಘಟ್ಟದ ಸ್ವಂತ ಬೆಳೆಗಳು. ಕಡಂಬುಟ್ಟಿನೊಂದಿಗೆ ಅದನ್ನು ಉಣ್ಣುವವರಿಗೆ ಪರಂಗಿಯವರ ಹುಳಿಯ ಅಗತ್ಯ ಬೀಳಲಿಲ್ಲ.

ಇಷ್ಟೆಲ್ಲ ಇತಿಹಾಸವನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಹೊರನಾಡಿನ ನಮ್ಮ ಸಮಾರಂಭಗಳಲ್ಲಿ ‘ಕನ್ನಡದ ಊಟ’ವೆಂದರೆ ಬಿಸಿಬೇಳೆ ಭಾತ್, ಕೋಸಂಬರಿ, ಹೋಳಿಗೆ ಎಂದೇ ರೂಢಿಯಾಗಿದೆ. ಕೊಡವ ಬಂಧುಗಳೂ ಮಂಗಳೂರಿನ ಕ್ರೈಸ್ತ ಬಂಧುಗಳೂ ತಮ್ಮ ಪಾತ್ರೆಗಳನ್ನು ಮನೆಯಲ್ಲಿಯೇ ಬಿಟ್ಟು ಬರುವಂತಾದರೆ, ನಮ್ಮ ಮಕ್ಕಳು ಅರ್ಧ ಕರ್ನಾಟಕವನ್ನು ಮಾತ್ರ ಕಂಡು ಬೆಳೆಯುತ್ತಾರೆ. ನಾಡಿನ ಏಕೀಕರಣವಾದದ್ದು 1956ರಲ್ಲಿ. ಊಟದ ಮೇಜಿನ ಏಕೀಕರಣ ಇನ್ನೂ ಬಾಕಿಯಿದೆ.

ಯಾರೂ ತಮ್ಮ ಆಚಾರವನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಸಸ್ಯಾಹಾರದ ಪಂಕ್ತಿ ಪ್ರತ್ಯೇಕವಾಗಿಯೇ ಇರಲಿ. ಆದರೆ ಆ ಪಂಕ್ತಿಯಲ್ಲಿ ಬಡಿಸುವ ಸಾರಿನ ಕೆಂಪು ಮೆಣಸಿನಕಾಯಿಯೂ ಟೊಮೇಟೊವೂ ಸಾಗರ ದಾಟಿ ಬಂದ ವಲಸಿಗರೇ ಎಂಬುದನ್ನು ಮರೆಯದಿರೋಣ. ಮುಂದಿನ ರಾಜ್ಯೋತ್ಸವದಂದು ಪಕ್ಕದಲ್ಲಿ ಇನ್ನೊಂದು ಮೇಜನ್ನು ಹಾಕಿಸಿ, ಪಂದಿ ಕರಿ, ಸೊರ್ಪೊತೆಲ್ ಎಂದು ಕನ್ನಡ ಅಕ್ಷರಗಳಲ್ಲಿ ಬರೆದಿಡೋಣ. ತಿನ್ನದವರು ಓದಿಯಾದರೂ ತಿಳಿಯಲಿ.